ಚಳಿಗಾಲದ ಜೀರುಂಡೆ

ನನ್ನ ಬಾಯಿ ಕೆಟ್ಟದ್ದು. ಮಲ್ಲಂದೂರಿನ ಸುತ್ತ ಯಾರನ್ನು ಕೇಳಿದರೂ ಹೇಳುತ್ತಾರೆ. ಆದರೆ ೧೯೯೮ರ ಡಿಸೆಂಬರಿನಲ್ಲಿ, ಬೆಳೆಗಾರರ ಸಂಘದ ಸಭೆಯಲ್ಲಿ, ನಾನು ಮೊದಲು ಬೈದದ್ದು ನನ್ನನ್ನೇ.

ನಮ್ಮ ತೋಟದ ಮೇಸ್ತ್ರಿ ಮಂಜಯ್ಯ ಇಪ್ಪತ್ತಾರು ವರ್ಷ ಪಲ್ಪರ್ ನಡೆಸಿದವನು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಆ ಯಂತ್ರವನ್ನು ಅವನು ಕಿವಿಯಿಂದಲೇ ಹೊಂದಿಸುತ್ತಿದ್ದ. ಒಂದು ಬೀಜ ಕಚ್ಚಿದರೂ ಸದ್ದಿನಲ್ಲೇ ಗೊತ್ತಾಗುತ್ತಿತ್ತು. ಪಕ್ಕದಲ್ಲೇ ಡೀಸೆಲ್ ಎಂಜಿನ್. ಅದರ ಸೈಲೆನ್ಸರ್ ತೂತುಬಿದ್ದು ಆರು ವರ್ಷವಾದರೂ ಮುಂದಿನ ವರ್ಷ ನೋಡೋಣ ಅನ್ನುತ್ತಲೇ ಬಂದೆ. ಈ ಸಲ ಬೀಜ ಗಾಯವಾಗತೊಡಗಿತು. ಅವನನ್ನು ಬೈದೆ. ಜೀರುಂಡೆ ಗಲಾಟೆಗೆ ಪಲ್ಪರ್ ಸದ್ದು ಸರಿಯಾಗಿ ಕೇಳುವುದಿಲ್ಲ, ರಾತ್ರಿ ನಿದ್ದೆಯೂ ಇಲ್ಲ ಎಂದ. ಈ ಚಳಿಯಲ್ಲಿ ಜೀರುಂಡೆ ಎಲ್ಲಿಂದ ಬಂತು ಎಂದು ಕೇಳಬೇಕೆಂದು ದಡ್ಡನಾದ ನನಗೆ ಹೊಳೆಯಲಿಲ್ಲ.

ಕೊನೆಗೆ ಕರೆದುಕೊಂಡು ಹೋದಾಗ, ಮಂಗಳೂರಿನ ಕಿವಿ ಡಾಕ್ಟರ್ ಪಂಚಮಿ ಅವನನ್ನು ಹೊರಗಿನ ಸದ್ದು ಬಾರದ ಕೋಣೆಯಲ್ಲಿ ಕೂರಿಸಿ ಬಾಗಿಲು ಹಾಕಿದರು. ಹೊರಬಂದವನು ಕೇಳಿದ, "ಅಮ್ಮಾ, ಇದ್ರೊಳಗೂ ಜೀರುಂಡೆ ಉಂಟಲ್ಲ?"

ಆ ಸದ್ದು ಹೊರಗಿನದಲ್ಲ, ಎಂಜಿನ್ ಅಬ್ಬರಕ್ಕೆ ಕೆಟ್ಟ ಅವನ ಕಿವಿಯದ್ದೇ. ಮದ್ದಿಲ್ಲ ಎಂದರು ಡಾಕ್ಟರ್. ಮದ್ದು ಹುಡುಕಲು ಅವರು ಎಂಜಿನ್ ಬಳಿ ದುಡಿದವರ ಮೇಲೆ ಮೂರು ವರ್ಷ ಸಂಶೋಧನೆ ನಡೆಸಬೇಕಿತ್ತಂತೆ. ಬೇರೆಯವರಿಗೆ ಕೇಳದ ಸದ್ದಿಗೆ ಹಣ ಕೊಡುವವರಿಲ್ಲ ಎಂದು ಬೇಸರಪಟ್ಟರು. ವಾಪಸು ಬರುವಾಗ ಮಂಜಯ್ಯ ಘಟ್ಟ ಹತ್ತುತ್ತ ಅಂದ, "ಈಗ ಪಲ್ಪರ್ ಹತ್ರ ನನ್ನ ಅಳಿಯ ನಿಂತಿದಾನೆ ಗೌಡ್ರೇ. ಅವನಿಗಾದ್ರೂ ಮದ್ದು ಸಿಗ್ಲಿ."

ಸಭೆಯಲ್ಲಿ ನಾನು ಸೈಲೆನ್ಸರ್ ಕಥೆಯನ್ನೆಲ್ಲ ಒಪ್ಪಿಕೊಂಡು, ಈ ಸಂಶೋಧನೆಗೆ ತೋಟಕ್ಕೊಂದು ಮೂಟೆ ಕಾಫಿ ಕೊಡಿ ಎಂದು ಕೇಳಿದೆ. ಅಧ್ಯಕ್ಷ ಶಾಂತವೀರಪ್ಪನವರು ಎಪ್ಪತ್ತು ದಾಟಿದ ಹಿರಿಯರು, ಮಂಗ ಓಡಿಸಲು ನಲವತ್ತು ವರ್ಷ ಕೋವಿ ಹಾರಿಸಿದವರು. ಜೀರುಂಡೆಗೆ ಚಂದಾ ಎತ್ತುವುದನ್ನು ಈಗಲೇ ಕಂಡದ್ದು ಎಂದು ನಕ್ಕರು. ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಮಂಜಯ್ಯ ತಲೆ ತಗ್ಗಿಸಿದ. ನನಗೆ ಪಿತ್ತ ನೆತ್ತಿಗೇರಿತು.

"ಒಂದು ನಿಮಿಷ ಎಲ್ರೂ ಬಾಯಿ ಮುಚ್ಚಿ," ಎಂದೆ. "ಈ ಚಳೀಲಿ ಜೀರುಂಡೆ ಕೂಗೋದಿಲ್ಲ. ಈಗ್ಲೂ ಯಾರಿಗೆ ಕೇಳ್ತಾ ಇದೆ, ಕೈ ಎತ್ತಿ."

ಹೊರಗೆ ನಿಂತಿದ್ದ ಜೀಪನ್ನೂ ಆಫ್ ಮಾಡಿಸಿದೆ. ಹಿಂದಿನ ಸಾಲಿನಲ್ಲಿ ಒಂದು ಕೈ ಮೇಲೆದ್ದಿತು. ಕಿಟಕಿ ಬಳಿ ಇನ್ನೆರಡು. ಶಾಂತವೀರಪ್ಪನವರ ಕೈಯೂ ಅರ್ಧ ಎದ್ದು ನಿಂತಿತ್ತು. ಕೈ ಎತ್ತದೆ ಕೂತವರನ್ನು ಅವರು ಒಬ್ಬೊಬ್ಬರನ್ನಾಗಿ ನೋಡಿದರು.

"ಮಾರಾಯ, ಇದು ಎಲ್ರಿಗೂ ಕೇಳೋದಲ್ವಾ?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ. ಅವರು ತಮ್ಮ ತೋಟದ್ದು ಹತ್ತು ಮೂಟೆ ಬರೆದುಕೊಳ್ಳಲು ಹೇಳಿದರು. ಮಿಕ್ಕವರೂ ಒಬ್ಬೊಬ್ಬರಾಗಿ ಬರೆಸಿದರು. ಆಮೇಲೆ ಶಾಂತವೀರಪ್ಪನವರು ಮಂಜಯ್ಯನನ್ನು ಒಳಗೆ ಕರೆದು, ಪಕ್ಕದ ಕುರ್ಚಿಯಲ್ಲಿ ಕೂರಿಸಿಕೊಂಡರು.

"ನಿಂಗೂ ರಾತ್ರಿ ಜೋರಾಗ್ತದಾ?" ಎಂದು ಕೇಳಿದರು.