ಮೇಲೆ ತೂತು ಬೇಡ, ಕಾಕ!

ಕೋಳಿ ಸಾಕಿದವರಿಗೆಲ್ಲ ಈ ಕಷ್ಟ ಗೊತ್ತು. ಬೆಳಿಗ್ಗೆ ಪಾತ್ರೆ ತುಂಬಾ ನೀರು ಇಡ್ತೇವೆ. ಅರ್ಧ ಗಂಟೆಯಲ್ಲಿ ಒಂದು ಕೋಳಿ ಅಂಚು ಹತ್ತಿ ನಿಲ್ತದೆ, ಇನ್ನೊಂದು ಅದರೊಳಗೇ ಹಿಕ್ಕೆ ಹಾಕ್ತದೆ, ಮತ್ತೊಂದು ಪಾತ್ರೆಯನ್ನೇ ಮಗುಚಿ ಹಾಕ್ತದೆ. ಊರಲ್ಲಾದರೆ ತೋಡಿನಲ್ಲಿ ಕುಡಿದು ಬದುಕ್ತಿದ್ದವು. ಇಲ್ಲಿ ಅರಬರ ನಾಡಿನಲ್ಲಿ, ಅಲ್ ಅಹ್ಸಾದ ಜುಲೈ ಬಿಸಿಲಲ್ಲಿ ಅವು ಎಂತ ಕುಡಿಯುವುದು, ಮರಳಾ?

ನಾನು ಜುವೈರಿಯಾ. ನನ್ನ ಬಾಯಿ ಸ್ವಲ್ಪ ಜೋರು. ಅದಕ್ಕೇ ಇದನ್ನು ಹೇಳುವ ಕೆಲಸ ನಮ್ಮ ಹೆಂಗಸರ ಕೂಟದವರು ನನಗೆ ಕೊಟ್ಟದ್ದು. ಮೊದಲು ನಾವು ಹಾಯಿಲ್‌ನಲ್ಲಿದ್ದೆವು, ನನ್ನ ಗಂಡನಿಗೆ ಕೋಳಿ ಫಾರ್ಮಿನಲ್ಲಿ ಕೆಲಸ. ಕೋಳಿ ವಿಷಯ ನಾನು ಕಲಿತದ್ದು ಅಲ್ಲಿ.

ಇಲ್ಲಿ ನನಗೊಬ್ಬಳು ಗೆಳತಿ, ಪಾತುಮ್ಮ. ಅವಳ ಗಂಡ ಅಬ್ದುಲ್ಲ ಕುಂಞಿ ಬಕಾಲಾ ನಡೆಸ್ತಾರೆ, ಅಂದ್ರೆ ದಿನಸಿ ಅಂಗಡಿ. ಪ್ರಾಯದಲ್ಲಿ ನಮಗಿಂತ ದೊಡ್ಡವರು, ನಾವೆಲ್ಲ ಕುಂಞಿ ಕಾಕ ಅಂತ ಕರೆಯುವುದು. ಅಂಗಡಿಯ ಹಿಂದೆ ಮನೆ, ಮನೆಯ ಹಿಂದೆ ಕಫೀಲ್‌ನ, ಅಂದ್ರೆ ವೀಸಾ ಕೊಟ್ಟ ಅರಬಿ ಧಣಿಯ, ಖರ್ಜೂರದ ತೋಟ. ಮಗಳು ಜಸ್ನಾ ಮದುವೆಯಾಗಿ ರಾಸ್ ಅಲ್ ಖೈರ್‌ಗೆ ಹೋದ ಮೇಲೆ ಪಾತುಮ್ಮ ಇಡೀ ದಿನ ಒಬ್ಬಳೇ. ಕಫೀಲ್‌ನ ಹತ್ರ ಕೇಳಿ ಹನ್ನೆರಡು ಕೋಳಿ ತಂದಳು. ಪಾಪ, ಅವುಗಳ ಹತ್ರ ಮಗಳ ಸುದ್ದಿ ಎಲ್ಲ ಹೇಳ್ತಾಳೆ.

ಒಂದು ಶುಕ್ರವಾರ ಗಂಡ ಹೆಂಡತಿ ಮಗಳನ್ನು ನೋಡಲಿಕ್ಕೆ ಹೋದರು. ಸಂಜೆ ಬಂದರೆ ನೀರಿನ ಪಾತ್ರೆ ಮಗುಚಿ ಬಿದ್ದಿದೆ. ಐದು ಕೋಳಿ ಸತ್ತಿವೆ.

ಉಳಿದದ್ದು ಏಳು. ಅದರಲ್ಲೊಂದು ಮೊದಲೇ ಕಾವಿಗೆ ಕೂತದ್ದು, ಮತ್ತೆ ಎರಡೇ ದಿನದಲ್ಲಿ ಒಂಬತ್ತು ಮರಿ ಮಾಡಿತು. ಆದರೆ ಕಾಕನ ಮನಸ್ಸು ಮುರಿದು ಹೋಗಿತ್ತು. "ನೀರಿಲ್ಲದೆ ಜೀವ ಹೋಗುವುದೆಂದರೆ ಎಂಥ ಗುನಾ, ಎಂಥ ಪಾಪ! ನನ್ನಿಂದ ಆಗುವುದಿಲ್ಲ. ಬರುವ ಶುಕ್ರವಾರ ಎಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡ್ತೇನೆ" ಅಂದರಂತೆ.

ಪಾತುಮ್ಮ ಫೋನಿನಲ್ಲಿ ಅತ್ತಳು. "ಇವೂ ಹೋದರೆ ನಾನು ಯಾರ ಹತ್ರ ಮಾತಾಡುವುದು ಮಾರಾಯ್ತಿ? ಫ್ರಿಜ್ಜಿನ ಹತ್ರವಾ?"

ಬುಧವಾರ ಸಂಜೆಯ ಅಸರ್ ನಮಾಜಿಗೆ ಮುಂಚೆಯೇ ಡ್ರಿಲ್ ಹಿಡಿದು ಅಲ್ಲಿಗೆ ಹೋದೆ.

"ಕಾಕ, ಖಾಲಿ ಬಕೆಟ್ ಉಂಟಾ?"

ಕಾಕ ಪೇಂಟಿನ ಬಕೆಟ್ ತಂದರು. "ಇದು ಬೇಡ. ಪೇಂಟ್, ಕೀಟನಾಶಕ, ಟಾಯ್ಲೆಟ್ ತೊಳೆಯುವ ಮದ್ದು ಇದ್ದ ಬಕೆಟ್ ಎಷ್ಟು ತೊಳೆದರೂ ಆಗುವುದಿಲ್ಲ. ತಿನ್ನುವ ವಸ್ತು ಇದ್ದದ್ದೇ ಆಗಬೇಕು" ಅಂದೆ. ಆಗ ಉಪ್ಪಿನಕಾಯಿಯ ಎರಡು ಬಕೆಟ್ ಬಂತು, ಬಿಗಿ ಮುಚ್ಚಳ ಸಮೇತ. ಸೋಪು ಹಾಕಿ ವಾಸನೆ ಹೋಗುವವರೆಗೆ ತೊಳೆದೆವು.

ಬಕೆಟಿನ ಬಾಯಿಯ ಹತ್ರ, ಮುಚ್ಚಳದ ಅಂಚು ಮುಗಿಯುವಲ್ಲಿ, ನಾನು ಡ್ರಿಲ್‌ನಿಂದ ಎರಡು ತೂತು ಮಾಡಿದೆ. "ಇನ್ನು ಈ ತೂತಿನವರೆಗೆ ನೀರು ತುಂಬಿಸಿ, ಮುಚ್ಚಳ ಒತ್ತಿ, ಅಗಲದ ತಟ್ಟೆಯಲ್ಲಿ ಕವುಚಿ ಇಡುವುದು. ಕವುಚಿದಾಗ ತೂತು ತಟ್ಟೆಯ ಅಂಚಿಗಿಂತ ಒಂದು ಬೆರಳು ಕೆಳಗೆ ಬರಬೇಕು, ಅಷ್ಟೇ."

ಕಾಕ ನಕ್ಕರು. "ತೂತು ಬಕೆಟನ್ನು ಕವುಚಿದರೆ ನೀರು ನಿಲ್ತದಾ? ಎಂತ ತಮಾಷೆ ಮಾಡ್ತೀಯಾ ತಂಗಿ?"

"ನಮಾಜ್ ಮಾಡಿ ಬರ್ತೇನೆ, ಮತ್ತೆ ನೋಡಿ" ಅಂದು ಒಳಗೆ ಹೋದೆ. ಕಾಕನನ್ನು ಬಕೆಟಿನ ಹತ್ರ ಬಿಟ್ಟು ಹೋದದ್ದೇ ನಾನು ಮಾಡಿದ ತಪ್ಪು.

ವಾಪಸ್ ಬಂದರೆ ಗೂಡಿನಲ್ಲಿ ನೆರೆ! ಬಕೆಟ್ ಪೂರ್ತಿ ಖಾಲಿ. ಮರಿಗಳೆಲ್ಲ ಒದ್ದೆ. ಒಂದು ಸಣ್ಣ ಮರಿಯಂತೂ ಕೆಸರಿನಲ್ಲಿ ಅಡ್ಡ ಬಿದ್ದಿತ್ತು. ಪಾತುಮ್ಮ ಅದನ್ನೆತ್ತಿ ಸೆರಗಿನಲ್ಲಿ ಸುತ್ತಿಕೊಂಡಳು.

"ಕಾಕ, ಎಂತ ಮಾಡಿದಿರಿ?"

ಕಾಕನ ಕೈಯಲ್ಲಿ ಮೊಳೆ, ಸುತ್ತಿಗೆ. ಕವುಚಿದ ಬಕೆಟಿನ ಮೇಲೆ, ನಡು ಮಧ್ಯದಲ್ಲಿ, ಒಂದು ತೂತು. "ಇಪ್ಪತ್ತೆರಡು ವರ್ಷದಿಂದ ಎಣ್ಣೆ ಡಬ್ಬಿ ಒಡೆಯುವವ ನಾನು. ಒಂದೇ ಕಡೆ ತೂತು ಮಾಡಿದರೆ ಎಣ್ಣೆ ಸರಿ ಬೀಳುವುದಿಲ್ಲ. ಆಚೆ ಬದಿಗೆ ಗಾಳಿಗೆ ಅಂತ ಇನ್ನೊಂದು ಬೇಕು. ನೀನು ಮರೆತಿದ್ದೀ ಅಂತ ನಾನೇ ನೀರು ತುಂಬಿಸಿ, ಕವುಚಿ, ಮೇಲೆ ತೂತು ಮಾಡಿದೆ."

ನನಗೆ ಸಿಟ್ಟೂ ಬಂತು, ನಗುವೂ ಬಂತು. "ಅಯ್ಯೋ ಕಾಕ, ನಿಮ್ಮ ಎಣ್ಣೆ ಹೊರಗೆ ಬರಬೇಕು. ನಮ್ಮ ನೀರು ನಿಲ್ಲಬೇಕು! ಗಾಳಿ ಒಳಗೆ ಹೋದಷ್ಟೇ ನೀರು ಹೊರಗೆ ಬರುವುದು. ತಟ್ಟೆಯ ನೀರು ಏರಿ ಕೆಳಗಿನ ತೂತನ್ನು ಮುಚ್ಚಿದ ಕೂಡಲೇ ಗಾಳಿಯ ದಾರಿ ಬಂದ್. ನೀರೂ ಬಂದ್. ಮೇಲೆ ತೂತು ಮಾಡಿದರೆ ಎಲ್ಲಿ ನಿಲ್ತದೆ?"

ಕಾಕ ತಲೆ ತಗ್ಗಿಸಿದರು. ಎರಡನೇ ಬಕೆಟಿಗೆ ತೂತು ಮಾಡಿ, ನೀರು ತುಂಬಿಸಿ, ಕವುಚಿ ಇಟ್ಟೆ.

ಗುಳುಗುಳು ಗುಳುಗುಳು. ತಟ್ಟೆಯಲ್ಲಿ ನೀರು ಏರಿತು. ಇನ್ನೇನು ಅಂಚು ದಾಟ್ತದೆ ಅನ್ನುವಾಗ ನಿಂತಿತು.

ನಳ್ಳಿ ಇಲ್ಲ, ಕರೆಂಟ್ ಇಲ್ಲ, ಬಕೆಟಿನ ತುಂಬಾ ನೀರು ತಾನಾಗಿ ನಿಂತಿದೆ. ನಾನು ನೂರು ಸಲ ನೋಡಿದ್ದೇನೆ, ಆದರೂ ಪ್ರತಿ ಸಲ ನನ್ನ ಮೈ ಜುಮ್ಮೆನ್ನುತ್ತದೆ.

"ಸುಬ್‌ಹಾನಲ್ಲಾ" ಅಂದರು ಕಾಕ. ಕುಕ್ಕರಗಾಲಲ್ಲಿ ಕೂತು ತಟ್ಟೆಯಿಂದ ಒಂದು ಬೊಗಸೆ ನೀರು ತೆಗೆದರು. ಗುಳುಕ್! ಅಷ್ಟೇ ನೀರು ಬಂದು ಮತ್ತೆ ನಿಂತಿತು. ಇನ್ನೊಂದು ಬೊಗಸೆ. ಗುಳುಕ್! ಅಂಗಡಿಗೆ ಗಿರಾಕಿ ಬಂದು ಕರೆದರೂ ಕಾಕ ಏಳಲಿಲ್ಲ. "ಇಷ್ಟು ವರ್ಷ ಗಾಳಿಗೆ ತೂತು ಮಾಡಿದೆ, ಗಾಳಿಗೆ ಇಷ್ಟು ಬಲ ಉಂಟು ಅಂತ ಗೊತ್ತಿರಲಿಲ್ಲ" ಅಂದರು.

ಮರಿಗಳು ಮುಳುಗದ ಹಾಗೆ ತಟ್ಟೆಯಲ್ಲಿ ಸಣ್ಣ ಕಲ್ಲು ಹರಡಿದೆವು. ಎರಡು ಇಟ್ಟಿಗೆಯ ಮೇಲೆ, ನೆರಳಿನಲ್ಲೇ ಇಟ್ಟೆವು. ಬಿಸಿಲಿನಲ್ಲಿಟ್ಟರೆ ನೀರು ಕಾದು ಸುಲೈಮಾನಿ ಚಹಾ ಆಗ್ತದೆ. ಕಾಕ ಹಾಳು ಮಾಡಿದ ಬಕೆಟ್ ಸಹ ದಂಡ ಆಗಲಿಲ್ಲ. ಅದನ್ನು ನೆಟ್ಟಗೆ ತಟ್ಟೆಯಲ್ಲಿ ನಿಲ್ಲಿಸಿ, ಬುಡದ ಸುತ್ತ ಎರಡು ಬೆರಳು ಹಿಡಿಯುವಷ್ಟು ತೂತು ಮಾಡಿ ಜೋಳದ ನುಚ್ಚು ತುಂಬಿಸಿದೆವು. ಕೋಳಿ ತಿಂದಷ್ಟೇ ಕೆಳಗೆ ಇಳಿಯುತ್ತದೆ, ಕೆದಕಿ ಚೆಲ್ಲುವ ಆಟ ಇಲ್ಲ.

ಅಷ್ಟರಲ್ಲಿ ಪಾತುಮ್ಮನ ಸೆರಗಿನೊಳಗೆ ಚಿಯಾಂ ಅಂತ ಸದ್ದು. ಆ ಸಣ್ಣ ಮರಿ! ಅವಳು ಅದನ್ನು ತಟ್ಟೆಯ ಕಲ್ಲಿನ ಮೇಲೆ ನಿಲ್ಲಿಸಿದಳು. ಅದು ಕೊಕ್ಕು ಅದ್ದಿ, ತಲೆ ಎತ್ತಿ, ಆಕಾಶ ನೋಡಿತು. ಮತ್ತೆ ಅದ್ದಿತು, ಮತ್ತೆ ತಲೆ ಎತ್ತಿತು.

"ನೋಡಿ, ಗುಟುಕು ಗುಟುಕಿಗೂ ಮೇಲಿನವನಿಗೆ ಶುಕ್ರ್ ಹೇಳ್ತದೆ" ಅಂದಳು ಪಾತುಮ್ಮ. ಕಾಕ ಕಣ್ಣೊರೆಸಿಕೊಂಡರು, ನಾನು ನೋಡದ ಹಾಗೆ ಮಾಡಿದೆ.

ಶುಕ್ರವಾರ ಕೋಳಿ ಯಾರಿಗೂ ಹೋಗಲಿಲ್ಲ. ಗಂಡ ಹೆಂಡತಿ ಮತ್ತೆ ಮಗಳ ಮನೆಗೆ ಹೋದರು. ಮಧ್ಯಾಹ್ನ ಒಮ್ಮೆ ನಾನು ಹೋಗಿ ನೋಡಿದೆ. ಸಂಜೆ ಕಾಕನ ಫೋನ್ ಬಂತು. ಸಲಾಮ್ ಹೇಳಲಿಕ್ಕೂ ಮರೆತು ಕೂಗಿದರು: "ತಂಗೀ, ಏಳೂ ಉಂಟು! ಒಂಬತ್ತೂ ಉಂಟು!"

ಅಕ್ಕ ತಂಗಿಯರೇ, ಅಣ್ಣಂದಿರೇ, ನಿಮ್ಮ ಅಡುಗೆಮನೆಯಲ್ಲೂ ಒಂದು ಖಾಲಿ ಬಕೆಟ್ ಉಂಟಲ್ಲ? ಬಿಸಾಡಬೇಡಿ. ಇವತ್ತೇ ತೊಳೆದು ತೂತು ಮಾಡಿ, ನೆರಳಿನಲ್ಲಿ ಇಡಿ. ದಿನಾ ತಟ್ಟೆ ತಿಕ್ಕಿ, ಬೇಸಿಗೆಯಲ್ಲಿ ಎರಡು ಸಲ ನೀರು ಬದಲಿಸಿ. ಎಷ್ಟು ಒಳ್ಳೆಯ ಬಕೆಟ್ ಇದ್ದರೂ ದಿನಕ್ಕೊಮ್ಮೆ ಯಾರಾದರೂ ಹೋಗಿ ನೋಡಲೇಬೇಕು. ಮೊದಲ ಸಲ ಕವುಚುವಾಗ ಮನೆಯವರನ್ನೆಲ್ಲ ಕರೆದು ಸುತ್ತ ಕೂರಿಸಿ, ಆ ನೀರು ನಿಲ್ಲುವುದನ್ನು ಎಲ್ಲರೂ ನೋಡಲಿ.

ಮತ್ತೆ, ಮೊಳೆ ಸುತ್ತಿಗೆ ಹಿಡಿದು ಯಾರಾದರೂ ಹತ್ತಿರ ಬಂದರೆ ಬಿಡಬೇಡಿ.