ತೋತ್ ನೆನೆಸಿದ ನೀರು

ಲೋಟದ ನೀರು ನಡುಗುತ್ತಿದೆ, ಭೂಕಂಪವಲ್ಲ, ಮೇಜಿನ ಕೆಳಗೆ ನನ್ನ ಮೊಣಕಾಲು ಕುಣಿಯುತ್ತಿದೆ, ನಿಲ್ಲು ಎಂದರೆ ನಿಲ್ಲುವುದಿಲ್ಲ, ಪಕ್ಕದ ಕುರೊಗಿ ಸಾನ್ ಕಂಡೂ ಕಾಣದವರಂತೆ ತಮ್ಮ ಲೋಟವನ್ನು ಮೆಲ್ಲಗೆ ಆಚೆಗೆ ಸರಿಸಿದರು — ಕಾಲು ಕುಣಿಸಬೇಡಿ ಎಂದು ಬಾಯಿಬಿಟ್ಟು ಹೇಳುವ ಬದಲು ಲೋಟ ಸರಿಸುವುದು, ಈ ಜಪಾನಿ ಮರ್ಯಾದೆ ಅರ್ಥವಾಗುವುದಕ್ಕೇ ನನಗೆ ವರ್ಷಗಳು ಬೇಕಾದವು — ಅಧ್ಯಕ್ಷೆ ಈಗಷ್ಟೇ ಕೇಳಿದ್ದಾರೆ, ಯಾರದಾದರೂ ಆಕ್ಷೇಪಣೆ ಇದೆಯೇ, ಕೇಳಿ ಸುತ್ತಿಗೆ ಹಿಡಿದು ಕಾಯುತ್ತಿದ್ದಾರೆ, ಬೂಸಾನಿನ ಈ ಸಭಾಂಗಣದಲ್ಲಿ ಆಹಾರದೊಳಗಿನ ವಿಷಕ್ಕೆ ಮಿತಿ ಹಾಕಲು ಲೋಕದ ದೇಶಗಳೆಲ್ಲ ಸಾಲಾಗಿ ಕೂತಿವೆ, ಒಬ್ಬೊಬ್ಬರ ಮುಂದೆಯೂ ದೇಶದ ಹೆಸರಿನ ಹಲಗೆ, ಇಲ್ಲಿ ಕೈ ಎತ್ತುವುದಿಲ್ಲ, ಮತ ಹಾಕುವುದಿಲ್ಲ, ಬೇಡ ಎನ್ನುವವರು ಹಲಗೆಯನ್ನು ಎತ್ತಿ ನಿಲ್ಲಿಸುತ್ತಾರೆ, ಎಲ್ಲ ಹಲಗೆಗಳೂ ಮಲಗಿದ್ದರೆ ಲೋಕ ಒಪ್ಪಿತು ಎಂದರ್ಥ, ಒಂದು ನಿಂತು ಹಟ ಹಿಡಿದರೂ ನಮ್ಮ ತೋತ್ ಮತ್ತೆ ಮುಂದಿನ ವರ್ಷಕ್ಕೆ. ಅಷ್ಟರೊಳಗೆ ಕೊಳ್ಳುವ ದೇಶಗಳು ಬಾಗಿಲು ಹಾಕಿಕೊಳ್ಳುತ್ತವೆ, ಅಣ್ಣ ಕಡಲಿನಿಂದ ಹಗ್ಗಗಳನ್ನು ಎಳೆದು ದಡಕ್ಕೆ ಹಾಕುತ್ತಾನೆ, ಅಣ್ಣನದಷ್ಟೇ ಅಲ್ಲ, ವಾಂಡೋ ಪಕ್ಕದ ನಮ್ಮ ದ್ವೀಪದಲ್ಲಿ ಎಲ್ಲರ ಅನ್ನವೂ ಆ ಹಗ್ಗಗಳ ಮೇಲೇ ಬೆಳೆಯುವುದು, ಕಪ್ಪಗೆ ಒಣಗುವ ಈ ಕಡಲ ಸೊಪ್ಪು, ನಾವು ಕೊರಿಯಾದವರು ತೋತ್ ಎನ್ನುತ್ತೇವೆ, ಜಪಾನಿನವರು ಹಿಜಿಕಿ ಎನ್ನುತ್ತಾರೆ. ಒಣ ತೋತನ್ನು ಪುಡಿ ಮಾಡಿ ಅಳೆದರೆ ಆರ್ಸೆನಿಕ್ ಇದೆ, ಇಲ್ಲ ಎಂದು ನಾನೂ ಹೇಳುವುದಿಲ್ಲ, ಅದನ್ನು ಅಳೆಯುವುದೇ ನನ್ನ ಕೆಲಸ, ಆದರೆ ಒಣಗಿದ್ದನ್ನು ಯಾರಪ್ಪ ಅಗಿಯುತ್ತಾರೆ, ನೆನೆಸಿ ಕುದಿಸಿ ನೀರು ಚೆಲ್ಲಿದ ಮೇಲೆ ಬಟ್ಟಲಿಗೆ ಬರುತ್ತದಲ್ಲ, ಅದನ್ನು ಅಳೆಯಿರಿ, ಅದಕ್ಕೆ ಮಿತಿ ಹಾಕಿ, ನಾನೂ ಕುರೊಗಿ ಸಾನ್ ಅವರೂ ಸೇರಿ ಬರೆದ ವರದಿ ಹೇಳುವುದು ಅಷ್ಟೇ. ಮುಂದಿನ ಸಾಲಿನಲ್ಲಿ ಬೂದು ಕೋಟಿನವನು ಹೆಬ್ಬೆರಳನ್ನು ಹಲಗೆಯ ಅಂಚಿಗೆ ಆನಿಸಿಕೊಂಡು ಕೂತಿದ್ದಾನೆ, ಹೋದ ವರ್ಷ ಎತ್ತಿ ನಿಲ್ಲಿಸಿದ್ದೂ ಅವನೇ.

ಎತ್ತಬೇಡವೋ ಮಾರಾಯ — ಬೆಳಿಗ್ಗೆ ಹಂದಿ ಸಾರಿನ ಅನ್ನ ಮುಂದಿಟ್ಟುಕೊಂಡಿದ್ದಾಗ ಅಣ್ಣನ ಫೋನು, ಏನೇ ಕೊನೇ ಕೂಸೇ, ಲೋಕದ ಸಭೇಲಿ ಕೂತ್ಕೊಂಡು ಹೊಟ್ಟೆ ತುಂಬ ತಿಂತಿದೀಯಾ, ಇಲ್ಲಿ ನಮಗೆ ಗಂಟಲಲ್ಲಿ ಅನ್ನ ಇಳೀತಿಲ್ಲ, ನಿನ್ನೆ ತೆಗೆದ ವಿಡಿಯೋ ಕಳಿಸಿದೀನಿ ನೋಡು, ಆಮೇಲೆ ಅಳಬೇಡ — ನೋಡಿದೆ, ಅಮ್ಮನ ಮಣಿಕಟ್ಟು, ಅಂಚು ಸೊಟ್ಟಗಾದ ಆ ಹಳೆಯ ಪಾತ್ರೆ, ಪಾತ್ರೆ ಬಾಗುತ್ತದೆ, ಕಂದು ನೀರು ಸಿಂಕಿಗೆ ಇಳಿಯುತ್ತದೆ, ಅಷ್ಟೇ, ಸಾರು ಆರುವವರೆಗೂ ಅದನ್ನೇ ಮತ್ತೆ ಮತ್ತೆ ನೋಡಿದೆ.

ಆ ನೀರು, ಆ ನೀರಿನಿಂದಲೇ ಅಲ್ಲವೇ ಎಲ್ಲ ರಗಳೆ, ಒಂದೇ ಮೂಟೆಯ ತೋತನ್ನು ಎರಡು ಪಾಲು ಮಾಡಿ ಒಂದನ್ನು ಮೊಕ್ಪೋದ ನನ್ನ ಪ್ರಯೋಗಾಲಯಕ್ಕೆ, ಇನ್ನೊಂದನ್ನು ಕಾಗೊಶಿಮಾದ ಕುರೊಗಿ ಸಾನ್ ಪ್ರಯೋಗಾಲಯಕ್ಕೆ ಕೊಟ್ಟರೆ ನನ್ನ ಅಂಕಿ ಆಕಾಶಕ್ಕೆ, ಅವರದು ಪಾತಾಳಕ್ಕೆ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ಇಬ್ಬರೂ ಕೂತೆವು, ನಾನು ಪತ್ರದಲ್ಲಿ ನಿಮ್ಮ ಯಂತ್ರ ಕೆಟ್ಟಿರಬೇಕು ಎಂದು ಬರೆದೆ, ಅವರು ನಿಮ್ಮ ಗೌರವಾನ್ವಿತ ಯಂತ್ರವನ್ನು ದಯಮಾಡಿ ಇನ್ನೊಮ್ಮೆ ಪರಿಶೀಲಿಸುವ ಕೃಪೆ ಮಾಡುವಿರಾ ಎಂದು ಬರೆದರು, ಈ ಮನುಷ್ಯನಿಗೆ ಸಿಟ್ಟು ಏರಿದಷ್ಟೂ ವಿನಯ ಏರುತ್ತದೆ, ಆ ಪತ್ರ ಓದಿ ಮೈ ಉರಿದು ಹೋಯಿತು, ಬಂದು ಕಣ್ಣಾರೆ ನೋಡಿ ಎಂದೆ, ಬಂದೇಬಿಟ್ಟರು. ನನ್ನ ಪಕ್ಕದಲ್ಲೇ ಕೈಕಟ್ಟಿ ನಿಂತಿದ್ದಾರೆ, ನಾನು ತೋತ್ ನೆನೆಸಿ, ಅರಳಿದ ಮೇಲೆ ನೀರಿನ ಸಮೇತ ಒಲೆಯ ಮೇಲಿಟ್ಟೆ, ಮಾ ಸಾನ್, ಅಯ್ಯೋ, ನೀರು — ಅವರು ಹಾಗೆ ನನ್ನ ಹೆಸರು ಕೂಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ — ಏನಾಯ್ತು ನೀರಿಗೆ ಎಂದೆ, ನೀವು ಅದನ್ನು ಚೆಲ್ಲೋದಿಲ್ವೇ, ಯಾಕೆ ಚೆಲ್ಲಬೇಕು, ನೀವು ಚೆಲ್ತೀರಾ, ನಮ್ಮಲ್ಲಿ ಎಲ್ಲರೂ ಚೆಲ್ತಾರಲ್ಲ, ನಮ್ಮನೇಲಿ ಯಾರೂ ಚೆಲ್ಲಲ್ಲವಲ್ಲ. ವಿಧಾನದ ಪತ್ರ ತೆಗೆದು ನೋಡಿದೆವು, ಇಬ್ಬರೂ ಬರೆದದ್ದು ಒಂದೇ ಸಾಲು, ತಿನ್ನಲು ಸಿದ್ಧಪಡಿಸಿದ್ದು, ಅಷ್ಟೇ, ಸಿದ್ಧಪಡಿಸುವುದೆಂದರೆ ಲೋಕವೆಲ್ಲ ನಮ್ಮ ನಮ್ಮ ಅಮ್ಮನಂತೆಯೇ ಮಾಡುತ್ತದೆ ಎಂದು ಇಬ್ಬರೂ ನಂಬಿದ್ದೆವು, ನೆಲದ ಮೇಲೆ ಕುಸಿದು ಕೂತು ನಕ್ಕೆ, ಅವರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು, ವಿಷವೆಲ್ಲ ಆ ಕಂದು ನೀರಿನಲ್ಲಿತ್ತು, ಅವರು ಚೆಲ್ಲುತ್ತಿದ್ದರು, ನಾನು ಯಂತ್ರಕ್ಕೆ ಕುಡಿಸುತ್ತಿದ್ದೆ. ಅಂದಿನಿಂದ ಅಂಕಿಗಳು ಅಕ್ಕತಂಗಿಯರಂತೆ ಒಂದೇ ಮುಖ ತೋರಿಸಿದವು.

ಆದರೆ ಅಮ್ಮ, ಅಮ್ಮನಿಗೆ ಯಾರು ಹೇಳುವುದು, ನಾನೇ ಹೇಳಿದೆ, ಹಿತ್ತಲ ಗಿಡ ಮದ್ದಲ್ಲ, ಬಾರ್ಲಿ ಅನ್ನಕ್ಕೆ ತೋತ್ ಬೆರೆಸುವಾಗ ನೀರು ಚೆಲ್ಲಬೇಕಮ್ಮಾ ಎಂದರೆ ಸೌಟು ಹಿಡಿದು ತಿರುಗಿದಳು, ವಿಷ ಅಂತೆ ವಿಷ, ಇದೇ ವಿಷ ತಿಂದು ತಾನೇ ನೀನು ಡಾಕ್ಟರಾದೆ, ಹಸಿದ ವರ್ಷ ಈ ನೀರಲ್ಲೇ ನಿಮ್ಮಿಬ್ಬರ ಜೀವ ಉಳಿಸಿದೀನಿ, ಚೆಲ್ಲು ಅಂತೀಯಲ್ಲ, ಹೋಗೇ, ಚೆಲ್ಲೋ ಅಷ್ಟು ನಮಗೆ ಯಾವತ್ತಿತ್ತು. ಅವಳು ಹೇಳಿದ್ದು ನಿಜ, ಆ ನೀರಿಲ್ಲದಿದ್ದರೆ ನಾನಿಲ್ಲ, ಆದರೂ ಚೆಲ್ಲಬೇಕು ಎನ್ನುವುದೂ ನಿಜ, ಎರಡೂ ನಿಜ ಒಂದೇ ಪಾತ್ರೆಯಲ್ಲಿ. ಆ ಜಗಳ ಪ್ರತಿ ಹಬ್ಬದಲ್ಲೂ ನಡೆಯಿತು, ಹೋದ ಸಲ ಪಾತ್ರೆಯನ್ನು ಏಪ್ರನ್ನಿಗೆ ಒತ್ತಿ ಹಿಡಿದುಕೊಂಡಿದ್ದಳು, ನಾನು ಕಿತ್ತುಕೊಳ್ಳುತ್ತೇನೋ ಎನ್ನುವ ಹಾಗೆ — ಈಗ ಪಾತ್ರೆ ಬಾಗಿತಲ್ಲ, ಬಾಗಿದ ಪಾತ್ರೆ.

ಎತ್ತಿದ. ಎತ್ತಿಬಿಟ್ಟ, ಬೂದು ಕೋಟಿನವನು ಹಲಗೆಯನ್ನು ಎತ್ತಿ ನಿಲ್ಲಿಸಿದ್ದಾನೆ, ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ, ಅಧ್ಯಕ್ಷೆ ಸುತ್ತಿಗೆ ಕೆಳಗಿಟ್ಟರು, ಅಣ್ಣನ ಹಗ್ಗಗಳು ದಡದಲ್ಲಿ ರಾಶಿ ಬಿದ್ದಿವೆ, ಕಣ್ಣಿಗೆ ಕಾಣುತ್ತಿವೆ. ಅವನು ಮಾತಾಡುತ್ತಿದ್ದಾನೆ, ಲೆಕ್ಕ ಸರಿಯಾಗಿದೆ, ನನ್ನ ತಕರಾರು ಲೆಕ್ಕದ್ದಲ್ಲ, ಒಂದೇ ಪ್ರಶ್ನೆ, ನೀರು ಚೆಲ್ಲಿ ಅಂತ ಕಾಗದದ ಮೇಲೆ ಬರೆಯೋದು ಸುಲಭ, ತಲೆತಲಾಂತರದಿಂದ ಚೆಲ್ಲದೇ ಇದ್ದವರು ನಾಳೆಯಿಂದ ಚೆಲ್ತಾರೆ ಅಂತ ನಿಮಗೆ ಹೇಗೆ ಗೊತ್ತು. ಒಳ್ಳೆಯ ಪ್ರಶ್ನೆ, ಹಾಳಾದವನು, ನಾನು ಅವನ ಜಾಗದಲ್ಲಿದ್ದರೆ ಅದನ್ನೇ ಕೇಳುತ್ತಿದ್ದೆ, ಎದ್ದು ನಿಂತೆ, ಮೊಣಕಾಲು ಕುಣಿಯುವುದನ್ನು ನಿಲ್ಲಿಸಿದೆ, ಒಣಗಿಸುವ ಮೊದಲೇ ನಮ್ಮ ಕಾರ್ಖಾನೆಗಳಲ್ಲಿ ಒಮ್ಮೆ ಕುದಿಸಿ ನೀರು ಚೆಲ್ಲುತ್ತೇವೆ, ಎರಡೂ ದೇಶಗಳ ಅಡುಗೆಮನೆಗಳ ಸಮೀಕ್ಷೆ ನಿಮ್ಮ ಮುಂದಿದೆ, ಚೆಲ್ಲುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ, ಅಲ್ಲಿಗೆ ನಿಲ್ಲಿಸಬಹುದಿತ್ತು, ನಾಲಿಗೆ ನಿಲ್ಲಲಿಲ್ಲ, ಸ್ವಾಮೀ, ಕೊರಿಯಾದಲ್ಲೇ ಅತಿ ಮೊಂಡು ಅಡುಗೆಮನೆ ಅಂದ್ರೆ ನಮ್ಮಮ್ಮಂದು, ವರ್ಷಗಟ್ಟಲೆ ನನ್ನ ಜೊತೆ ಜಗಳ ಆಡಿದ್ದಾಳೆ, ನಿನ್ನೆ ಅವಳೂ ಚೆಲ್ಲಿದಳು, ಅವಳು ಚೆಲ್ಲಿದ ಮೇಲೆ ಲೋಕ ಚೆಲ್ಲೋದು ಏನು ಮಹಾ.

ಅನುವಾದ ಕಿವಿಯಿಂದ ಕಿವಿಗೆ ತಲುಪಿತು, ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು, ಅವರವರ ಅಮ್ಮನ ನೆನಪಾಗಿರಬೇಕು, ನಗು ಸಾಲಿನಿಂದ ಸಾಲಿಗೆ ಬಂತು, ಬೂದು ಕೋಟಿನವನೂ ನಗುತ್ತಿದ್ದಾನೆ, ನಿಮ್ಮ ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ ಎಂದ, ಹೆಬ್ಬೆರಳಿನಿಂದ ಹಲಗೆಯನ್ನು ತಳ್ಳಿದ, ಟಪ್, ಮಲಗಿತು, ಸುತ್ತಿಗೆ ಬಿತ್ತು, ಒಪ್ಪಿದೆ, ಲೋಕ ಒಪ್ಪಿದೆ, ಗೆದ್ದೆವು ಅಣ್ಣಾ, ಹಗ್ಗ ಎಳೆಯಬೇಡ, ಅಲ್ಲೇ ಇರಲಿ ಕಡಲಲ್ಲಿ, ಎಲ್ಲರೂ ಎದ್ದು ಚಪ್ಪಾಳೆ ತಟ್ಟುತ್ತಿದ್ದಾರೆ, ಕುರೊಗಿ ಸಾನ್ ಮರ್ಯಾದೆಯನ್ನೆಲ್ಲ ಗಾಳಿಗೆ ತೂರಿ ನನ್ನ ಭುಜ ಹಿಡಿದು ಅಲ್ಲಾಡಿಸುತ್ತಿದ್ದಾರೆ, ಲೋಟ ಉರುಳಿ ನೀರು ಮೇಜಿನ ತುಂಬ, ಚೆಲ್ಲಲಿ ಬಿಡಿ, ಚೆಲ್ಲಲಿ, ನಾನೂ ನಗಬೇಕು, ನಗುತ್ತಲೇ ಇದ್ದೇನೆ, ಆದರೆ ಕಣ್ಣ ಮುಂದೆ ಆ ಮಣಿಕಟ್ಟು, ನಮ್ಮನ್ನು ಉಳಿಸಿದ ನೀರನ್ನು ನನ್ನ ಮಾತಿಗೆ ಚೆಲ್ಲುತ್ತಿರುವ ಕೈ, ಸೊಟ್ಟ ಅಂಚು, ಕಂದು ನೀರು, ಬಾಗಿದ ಪಾತ್ರೆ, ಬಾಗಿದ ಪಾತ್ರೆ —