ಸ್ಟಿಕ್ಕಿನ ವಯಸ್ಸು

ಶವಪೆಟ್ಟಿಗೆ ತಂದ ವ್ಯಾನು ಅಂಗಳಕ್ಕೆ ನುಗ್ಗುವಾಗ ಮಟಿಲ್ಡಾ ಊಟದ ಕೋಣೆಯಲ್ಲಿ ಸ್ಟೂಲಿನ ಮೇಲೆ ನಿಂತು, ಗೋಡೆಯಲ್ಲಿದ್ದ ಹಾಕಿ ಆಟದ ಸ್ಟಿಕ್ಕನ್ನು ಮೊಳೆಯಿಂದ ಬಿಡಿಸುತ್ತಿದ್ದಳು. ಅರುವತ್ತರ ಹೆಂಗಸು, ಮೈಮೇಲೆ ಕಪ್ಪು ಸೀರೆ, ಪಕ್ಕದ ಚಾವಡಿಯಲ್ಲಿ ಗಂಡ ಯೂಸ್ಟೇಸನ ಹೆಣ. ಇಂಥ ಹೊತ್ತಿನಲ್ಲಿ ಸ್ಟೂಲು ಹತ್ತುವವರು ಯಾರಾದರೂ ಇದ್ದಾರೆಯೇ? ಕೆಳಗೆ ಸ್ಟೂಲು ಹಿಡಿದುಕೊಂಡಿದ್ದ ಅಕ್ಕ ಡುಲ್ಸಿನ್ ಅದನ್ನೇ ಕೇಳುತ್ತಿದ್ದಳು.

"ಬಿದ್ದು ಸೊಂಟ ಮುರ್ಕೊಂಡ್ರೆ ಎರಡು ಪೆಟ್ಟಿಗೆ ಬೇಕಾದೀತು ಮಾರಾಯ್ತಿ. ಎಲ್ಲಿಗೆ ಕೊಂಡೋಗ್ತಿ ಅದನ್ನು?"

"ಬಚ್ಚಲಿಗೆ. ಕಟ್ಟಿಗೆ ರಾಶಿಯ ಅಡಿಯಲ್ಲಿ ಇಡ್ತೇನೆ. ಕ್ಲಬ್ಬಿನವರು ಬರುವಾಗ ಇದು ಇಲ್ಲಿ ಇರಬಾರ್ದು."

"ಇದನ್ನೂ ಸುಡುದಾ?"

"ಮೆಲ್ಲ ಹೇಳು, ಅಕ್ಕಾ!"

ಎಂಬತ್ತನಾಲ್ಕರ ಮೇ ತಿಂಗಳ ಸೆಕೆ, ಕರೆಂಟೂ ಇಲ್ಲ. ಬೆಳಗಿನಿಂದ ಮಟಿಲ್ಡಾ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ತಿರುಗುತ್ತಿದ್ದಳು. ಹೆಣದ ಬದಿಯಲ್ಲಿ ಕೂರಿಸಿದರೆ ಎದ್ದುಬಿಡುವಳು. ಮಗಳು ಎಸ್ತೆರ್ ಕಾಫಿ ಕೊಟ್ಟರೆ ಲೋಟವನ್ನು ಕಿಟಕಿಯಲ್ಲಿ ಮರೆಯುವಳು. ಪಾಪ, ದುಃಖಕ್ಕೆ ಹೀಗಾಗುತ್ತದೆ ಎಂದರು ಬಂದವರು. ದುಃಖ ಇತ್ತು, ಇಲ್ಲದೆ ಏನು? ಆದರೆ ಅವಳನ್ನು ಓಡಾಡಿಸುತ್ತಿದ್ದದ್ದು ಹೆದರಿಕೆ. ಹಾಕಿ ಕ್ಲಬ್ಬಿನ ಸೆಕ್ರೆಟರಿ ರುಡೊಲ್ಫ್ ಬೆಳಿಗ್ಗೆಯೇ ಬಂದು, ಯೂಸ್ಟೇಸ್ ಅಂಕಲಿನ ಸ್ಟಿಕ್ಕನ್ನು ಪೆಟ್ಟಿಗೆಯ ಮೇಲಿಟ್ಟು ಇಗರ್ಜಿಗೆ ಒಯ್ಯುವುದೆಂದೂ, ಆಮೇಲೆ ಕ್ಲಬ್ಬಿನ ಗಾಜಿನ ಕಪಾಟಿನಲ್ಲಿ ಇಡುವುದೆಂದೂ ಹೇಳಿ ಹೋಗಿದ್ದ. ಅದಕ್ಕೆ ಮೊದಲು ಅದರ ವಯಸ್ಸು ನೋಡಲು ಒಬ್ಬರನ್ನು ಕರೆತರುತ್ತಾನಂತೆ.

ಯೂಸ್ಟೇಸ್ ಹಂಚಿನ ಕಾರ್ಖಾನೆಗೆ ಗುಮಾಸ್ತನಾಗಿ ಸೇರಿ ಗುಮಾಸ್ತನಾಗಿಯೇ ಹೊರಬಂದವನು. ಅವನಿಗೆ ಹೇಳಿಕೊಳ್ಳಲು ಇದ್ದದ್ದು ಒಂದೇ: 1937ರ ಫೈನಲಿನಲ್ಲಿ, ಕೊಡಗಿನವರ ಮೇಲೆ, ಕೊನೆಯ ಗಳಿಗೆಯಲ್ಲಿ ಬರಿಗಾಲಿನಲ್ಲಿ ಓಡಿ ಹೊಡೆದ ಗೋಲು. ಕಂಕನಾಡಿಯಿಂದ ಪಂಪ್‌ವೆಲ್ಲಿನವರೆಗೆ ಆ ಗೋಲಿನ ಕತೆ ಕೇಳದ ಕಿವಿ ಇರಲಿಲ್ಲ. ಕತೆ ಶುರುವಾದ ಕೂಡಲೇ ಸ್ಟಿಕ್ಕು ಗೋಡೆಯಿಂದ ಇಳಿಯುತ್ತಿತ್ತು. "ಇದೇ ಸ್ಟಿಕ್ಕು" ಎಂದು ಅವನು ಅದನ್ನು ನೆಲಕ್ಕೆ ಕುಟ್ಟುತ್ತಿದ್ದ.

ಅದು ಆ ಸ್ಟಿಕ್ಕಲ್ಲ. ಹಾಗೆಂದು ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬಳು ಈಗ ಸ್ಟೂಲಿನ ಮೇಲಿದ್ದಳು, ಇನ್ನೊಬ್ಬಳು ಕೆಳಗಿದ್ದಳು.

"ಅಯ್ಯೋ ಆಂಟಿ, ನೀವ್ಯಾಕೆ ಹತ್ತಿದ್ದು? ನಾವು ಇಳಿಸ್ತಿದ್ದೆವಲ್ಲ!" ರುಡೊಲ್ಫ್ ಬಾಗಿಲಲ್ಲಿ ನಿಂತಿದ್ದ. ಓಡಿಬಂದು ಸ್ಟಿಕ್ಕನ್ನು ಅವಳ ಕೈಯಿಂದ ತೆಗೆದು, ಹಿಂದೆ ನಿಂತಿದ್ದ ಉದ್ದನೆಯ ಮನುಷ್ಯನಿಗೆ ಕೊಟ್ಟ. "ಇವರು ಲೋಕನಾಥ ಮಾಸ್ಟ್ರು. ಕಾಟಿಪಳ್ಳದ ಶಾಲೆಯಲ್ಲಿ ಪಿ.ಟಿ. ಹಳೆ ಸ್ಟಿಕ್ಕು ಎಲ್ಲಿದ್ದರೂ ಹುಡುಕಿಕೊಂಡು ಹೋಗುವ ಜನ."

ಲೋಕನಾಥ ಮಾಸ್ಟ್ರು ಸ್ಟಿಕ್ಕನ್ನು ಕೈಯಲ್ಲಿ ತೂಗಿದರು, ತುದಿಯ ಬಾಗನ್ನು ಬೆರಳಿನಿಂದ ಅಳೆದರು.

"ಸ್ಟಿಕ್ಕಿನ ಮೂಗು ಸ್ವಲ್ಪ ಗಿಡ್ಡ. ಆ ಕಾಲದ್ದಕ್ಕೆ ಮೂಗು ಉದ್ದ ಇರ್ತಿತ್ತು."

"ಎಂತ ಮಾಸ್ಟ್ರೆ, ಇಡೀ ಊರಿಗೇ ಗೊತ್ತುಂಟು ಇದು ಮೂವತ್ತೇಳರದ್ದು ಅಂತ."

"ಊರಿಗೆ ಗೊತ್ತಿದ್ರೆ ಸಾಕಾ? ಹೋದ ವರ್ಷ ಒಂದು ಕಡೆ ಅಜ್ಜನ ಕಾಲದ್ದು ಅಂತ ಇಟ್ಟದ್ದನ್ನು ನೋಡಿ ಹೊರಗಿನವರು ನಗಾಡಿ ಹೋದ್ರು. ಹಿಡಿಗೆ ಸುತ್ತಿದ ಪಟ್ಟಿ ಬಿಚ್ಚಿದ್ರೆ ಆಯ್ತು ಮಾರಾಯ್ರೆ. ಅಡಿಯಲ್ಲಿ ಮಾಡಿದವರ ಮುದ್ರೆ ಇರ್ತದೆ. ಸಿಯಾಲ್‌ಕೋಟ್ ಅಂತ ಇದ್ರೆ ಹಳತು. ಜಲಂಧರ್ ಅಂತ ಇದ್ರೆ ದೇಶ ಎರಡಾದ ಮೇಲಿನದ್ದು. ಆ ಕಸುಬಿನವರು ಅಲ್ಲಿಂದ ಓಡಿಬಂದು ಜಲಂಧರಿನಲ್ಲಿ ಕಾರ್ಖಾನೆ ಹಾಕಿದ್ದಲ್ವಾ?"

ಜಲಂಧರ್. ಆ ನೇರಳೆ ಬಣ್ಣದ ಅಕ್ಷರಗಳು ಮಟಿಲ್ಡಾಳ ಕಣ್ಣೆದುರು ಬಂದು ನಿಂತವು. ಅದೊಂದು ಊರೆಂದು ಅವಳಿಗೆ ಇಂದಿನವರೆಗೆ ಗೊತ್ತಿರಲಿಲ್ಲ. ಸ್ಟಿಕ್ಕು ಮಾಡಿದವನ ಹೆಸರಿರಬೇಕು ಎಂದುಕೊಂಡಿದ್ದಳು.

*

ಎಸ್ತೆರ್ ಹುಟ್ಟಿದ್ದು 1951ರಲ್ಲಿ, ಆಟಿ ತಿಂಗಳ ಮಳೆಯಲ್ಲಿ. ಯೂಸ್ಟೇಸನನ್ನು ಕಾರ್ಖಾನೆಯವರು ದೂರದ ಫೆರೋಕಿನ ಶಾಖೆಗೆ ಕಳಿಸಿದ್ದರು. ಬಾಣಂತನಕ್ಕೆಂದು ಡುಲ್ಸಿನ್ ತೊಕ್ಕೊಟ್ಟಿನಿಂದ ದೋಣಿಯಲ್ಲಿ ಹೊಳೆ ದಾಟಿ ಬಂದಿದ್ದಳು. ಬಾಣಂತಿಯ ನೀರೆಂದರೆ ಮೈಯಿಂದ ಹೊಗೆ ಏಳಬೇಕು ಎಂಬುದು ಅವಳ ಶಾಸ್ತ್ರ. ಕಟ್ಟಿಗೆಯೆಲ್ಲ ಒದ್ದೆಯಾಗಿ, ಹೊಗೆ ಒಲೆಯಿಂದ ಎದ್ದಷ್ಟು ನೀರಿನಿಂದ ಏಳುತ್ತಿರಲಿಲ್ಲ. ಒಂದು ದಿನ ಮಾತ್ರ ಹಂಡೆ ಕೊತಕೊತ ಕುದಿಯಿತು. ಮಟಿಲ್ಡಾ ಹಾಯಾಗಿ ಮಿಂದು ಬಂದು ಕೇಳಿದಳು:

"ಇವತ್ತು ಎಂತ ಕಟ್ಟಿಗೆ ಹಾಕಿದ್ದು?"

"ಅಟ್ಟದಲ್ಲಿ ಒಂದು ಡೊಂಕು ಕೋಲಿತ್ತು. ಕಪ್ಪಾಗಿ ಹೋದದ್ದು, ಹಿಡಿ ಸವೆದದ್ದು. ಎಂಥ ಒಳ್ಳೆ ಉರಿ ಮಾರಾಯ್ತಿ!"

ಬಾಣಂತಿ ಅಳಬಾರದೆಂದು ಅಕ್ಕನೇ ಹೇಳಿದ್ದರಿಂದ ಮಟಿಲ್ಡಾ ಅಳಲಿಲ್ಲ. ಆ ರಾತ್ರಿ ಊಟ ಮಾತ್ರ ಸೇರಲಿಲ್ಲ.

ನಲುವತ್ತು ದಿನ ಮುಗಿದ ಮೇಲೆ ಅಕ್ಕತಂಗಿ ಹಂಪನಕಟ್ಟೆಯ ಅಂಗಡಿಗೆ ಹೋಗಿ ಒಂದು ಸ್ಟಿಕ್ಕು ತಂದರು. ಹೊಸತು, ಬೆಳ್ಳಗಿತ್ತು, ಹಿಡಿಯ ಮೇಲೆ ನೇರಳೆ ಅಕ್ಷರಗಳಿದ್ದವು. ಅದನ್ನು ಹಳತು ಮಾಡಬೇಕಲ್ಲ? ಹುಣಸೆ ನೀರಿನಲ್ಲಿ ಉಜ್ಜಿ, ತೆಂಗಿನೆಣ್ಣೆಯಲ್ಲಿ ಮಸಿ ಕಲಸಿ ಬಳಿದು, ಒಲೆಯ ಮೇಲಿನ ಅಟ್ಟದಲ್ಲಿ ಒಣಸಿಗಡಿಯ ಬುಟ್ಟಿಯ ಪಕ್ಕ ಹೊಗೆಗೆ ಮಲಗಿಸಿದರು. ಹೊಗೆ ತಿಂದ ಮರ ಕಪ್ಪಾಗದೆ ಎಲ್ಲಿಗೆ ಹೋದೀತು ಎಂದಳು ಡುಲ್ಸಿನ್. ಅವಳು ಹೇಳಿದ ಹಾಗೆಯೇ ಆಯಿತು.

ಕ್ರಿಸ್ಮಸ್ಸಿಗೆ ಯೂಸ್ಟೇಸ್ ಬಂದ. ಮೊದಲು ಮಗುವನ್ನು ಎತ್ತಿಕೊಂಡ, ಆಮೇಲೆ ಸ್ಟಿಕ್ಕನ್ನು. ತಿರುಗಿಸಿ ತಿರುಗಿಸಿ ನೋಡಿದ, ಮೂಗಿಗೆ ಹಿಡಿದ. ಮಟಿಲ್ಡಾ ಮಗುವನ್ನು ಎದೆಗೊತ್ತಿಕೊಂಡು ನೋಡುತ್ತಿದ್ದಳು.

"ಸಿಗಡಿ ವಾಸನೆ" ಎಂದ.

"ಮಳೆಗಾಲದಲ್ಲಿ ಎಲ್ಲ ಅಟ್ಟದಲ್ಲಿ ಒಟ್ಟಿಗೇ ಇಟ್ಟದ್ದಲ್ವಾ."

"ಹಾಗಾ?" ಎಂದ ಅವನು. ಹಿಡಿ ಜಾರುತ್ತದೆ ಎಂದು ಮರುದಿನ ಅಂಗಳದಲ್ಲಿ ಕೂತು ಹೊಸ ಪಟ್ಟಿ ಸುತ್ತಿದ. ಗಂಡಸರಿಗೆ ಮೂಗು ಇರುವುದು ಮೀಸೆಯ ಮೇಲೆ ಏನಾದರೊಂದು ಇರಲಿ ಅಂತ ಮಾತ್ರ ಎಂದು ಡುಲ್ಸಿನ್ ಅಡುಗೆಮನೆಯಲ್ಲಿ ಬಿದ್ದು ಬಿದ್ದು ನಕ್ಕಿದ್ದಳು.

*

"ಈಗ ಬಿಚ್ಚುದು ಬೇಡ" ಎಂದಳು ಮಟಿಲ್ಡಾ. "ಅವರು ಯಾರಿಗೂ ಬಿಚ್ಚಲಿಕ್ಕೆ ಬಿಡ್ತಿರ್ಲಿಲ್ಲ."

"ಎರಡು ನಿಮಿಷ ಆಂಟಿ. ಮಣ್ಣಿಗಿಡುವಾಗ ನಾಲ್ಕು ಮಾತು ನಾನೇ ಹೇಳ್ಬೇಕು. ಪಾದ್ರಿಗಳ ಎದುರು ನಾನು ಸುಳ್ಳು ಹೇಳಿದ ಹಾಗೆ ಆಗ್ಬಾರ್ದಲ್ಲ?"

ಮಟಿಲ್ಡಾ ಚಾವಡಿಯ ಬಾಗಿಲಿಗೆ ಹೋದಳು, ತಿರುಗಿ ಬಂದಳು, ಮತ್ತೆ ಹೋದಳು. ಇನ್ನು ಸ್ವಲ್ಪ ಹೊತ್ತಿನಲ್ಲಿ ಯೂಸ್ಟೇಸ್ ಸುಳ್ಳುಗಾರನಾಗುತ್ತಾನೆ. ಸ್ಟಿಕ್ಕು ಸುಳ್ಳಾದರೆ ಗೋಲೂ ಸುಳ್ಳು ಎನ್ನದೆ ಬಿಡುವ ಊರೇ ಇದು? ಆ ಬಡಪಾಯಿಗೆ ಇದ್ದದ್ದೇ ಆ ಒಂದು ಗೋಲು. ಅದನ್ನೂ ಕಿತ್ತುಕೊಳ್ಳಬೇಕೇ, ಅದೂ ಅವನು ಎದ್ದು ಜಗಳ ಮಾಡಲಾಗದ ದಿನ?

ಡುಲ್ಸಿನ್ ಅವಳ ರಟ್ಟೆ ಹಿಡಿದು ಮೂಲೆಗೆ ಎಳೆದಳು. "ಹೇಳಿಬಿಡುವ. ನಾನು ಸುಟ್ಟದ್ದು ಅಂತ. ಈ ಪ್ರಾಯದಲ್ಲಿ ನನ್ನನ್ನು ಜೈಲಿಗೆ ಹಾಕ್ತಾರಾ?"

"ಅವರಿಗೇ ಗೊತ್ತಿಲ್ಲದ್ದನ್ನು ಅವರ ಹೆಣದ ಎದುರು ಹೇಳುದಾ?"

ಅಷ್ಟರಲ್ಲಿ ಮಾಸ್ಟ್ರು ಬಿಚ್ಚತೊಡಗಿದ್ದರು. ಮೇಲಿನ ಪಟ್ಟಿ ಹೋಯಿತು, ಅದರ ಅಡಿಯದ್ದೂ ಹೋಯಿತು. ಕೊನೆಗೆ ಬೆವರಿಗೆ ಹಳದಿಯಾದ ಒಂದು ಪಟ್ಟಿ ಮರಕ್ಕೆ ಅಂಟಿಕೊಂಡಿತ್ತು. ಅದನ್ನೂ ಉಗುರಿನಿಂದ ಎಬ್ಬಿಸಿ, ಸ್ಟಿಕ್ಕನ್ನು ಕಿಟಕಿಯ ಬೆಳಕಿಗೆ ಹಿಡಿದರು. ಕನ್ನಡಕ ಒರಸಿ ಇನ್ನೊಮ್ಮೆ ನೋಡಿದರು.

"ಮುದ್ರೆ ಇಲ್ಲ."

"ಸವೆದು ಹೋದದ್ದಾ?" ಎಂದ ರುಡೊಲ್ಫ್.

"ಅಲ್ಲ, ತೆಗೆದದ್ದು. ಗಾಜಿನ ಚೂರಿನಲ್ಲಿ ಹೆರೆದಿದ್ದಾರೆ. ಒಂದು ಅಕ್ಷರ ಬಿಡ್ಲಿಲ್ಲ, ಮೇಲಿಂದ ಎಣ್ಣೆಯೂ ಹಾಕಿದ್ದಾರೆ. ಪಟ್ಟಿ ಸುತ್ತುವ ಮೊದಲೇ ಆದದ್ದು ಇದು. ಇನ್ನು ಇದರ ವಯಸ್ಸು ದೇವರೇ ಹೇಳ್ಬೇಕು."

ಮಟಿಲ್ಡಾ ಕೈ ಚಾಚಿ ಸ್ಟಿಕ್ಕನ್ನು ತೆಗೆದುಕೊಂಡಳು. ಹೆರೆದ ಜಾಗ ನುಣ್ಣಗಿತ್ತು. ಆ ಹಳದಿ ಪಟ್ಟಿ ಅವಳಿಗೆ ಗೊತ್ತು. ಫೆರೋಕಿನಿಂದ ಬಂದ ಮರುದಿನ ಯೂಸ್ಟೇಸ್ ಅಂಗಳದಲ್ಲಿ ಕೂತು ಸುತ್ತಿದ್ದದ್ದು ಅದನ್ನೇ. ಹಾಗಾದರೆ ಹೆರೆದದ್ದು ಅವನೇ, ಅವನಿಗೆ ಮೊದಲ ದಿನವೇ ಗೊತ್ತಿತ್ತು. ಗೊತ್ತಿದ್ದೂ ಬಂದವರಿಗೆಲ್ಲ ಕತೆ ಹೇಳಿ, ಕೊನೆಗೆ "ನಂಬಿಕೆ ಇಲ್ಲದಿದ್ರೆ ಇವಳನ್ನು ಕೇಳಿ" ಎಂದು ಅವಳ ಕಡೆ ತಿರುಗುತ್ತಿದ್ದ. ಅವಳು ಬೆವರುತ್ತಾ ಹೌದು ಹೌದು ಎಂದು ತಲೆಯಾಡಿಸುತ್ತಿದ್ದಳು. ಅದನ್ನು ನೋಡಿ ಆ ಮನುಷ್ಯ ಮೀಸೆಯಡಿಯಲ್ಲಿ ನಗುತ್ತಿದ್ದ!

ಮಟಿಲ್ಡಾಳಿಗೆ ಸಿಟ್ಟು ನೆತ್ತಿಗೇರಿತು. ಅವಳು ಒಬ್ಬಳೇ ಹೆದರಿ ಸತ್ತ ಅಷ್ಟೂ ವರ್ಷಗಳ ಸಿಟ್ಟು ಅದು. ಅದರ ಬೆನ್ನಿಗೇ ಅವನ ಮೇಲೆ ಇನ್ನಿಲ್ಲದಷ್ಟು ಪ್ರೀತಿ ಬಂತು. ಮದುವೆಯಾದ ಹೊಸತರಲ್ಲೂ ಅಷ್ಟು ಬಂದಿರಲಿಲ್ಲ.

"ಕಪಾಟಿನಲ್ಲಿ ಯಾವ ವರ್ಷ ಬರೆಯುದು ಆಂಟಿ?" ಎಂದು ರುಡೊಲ್ಫ್ ತಡವರಿಸಿದ.

"ಮನೆಯವರು ಹೇಳಿದ್ದೇ ಸರಿ" ಎಂದರು ಮಾಸ್ಟ್ರು. "ನೀವೇ ಹೇಳಿ ಬಾಯಮ್ಮ."

"ಗೋಲು ಮೂವತ್ತೇಳರದ್ದು. ಅದನ್ನು ಗಟ್ಟಿಯಾಗಿ ಹೇಳು ರುಡೊಲ್ಫ್, ಎಲ್ಲರಿಗೂ ಕೇಳುವ ಹಾಗೆ. ಸ್ಟಿಕ್ಕು ನನ್ನದು. ಅದು ಕಪಾಟಿಗೆ ಬರುದಿಲ್ಲ."

ಅವಳು ಪಟ್ಟಿಯ ಸುರುಳಿಯನ್ನು ಬಾಚಿಕೊಂಡು ಚಾವಡಿಗೆ ಹೋದಳು. ಜಪಸರ ಹೇಳುತ್ತಿದ್ದ ಹೆಂಗಸರು ದಾರಿ ಬಿಟ್ಟರು. ಯೂಸ್ಟೇಸನ ಬದಿಯ ಕುರ್ಚಿಯಲ್ಲಿ ಕೂತಳು, ಅವನ ಕಿವಿಯ ಹತ್ತಿರಕ್ಕೆ ಬಾಗಿದಳು.

"ಕಳ್ಳ" ಎಂದಳು.

ಪ್ರಾರ್ಥನೆ ಅರ್ಧದಲ್ಲೇ ನಿಂತಿತು. ಎಸ್ತೆರ್ ತಾಯಿಯ ಭುಜ ಹಿಡಿಯಲು ಬಂದವಳು ಅಲ್ಲೇ ನಿಂತುಬಿಟ್ಟಳು. ಪೆಟ್ಟಿಗೆ ಹಿಡಿದ ಗಂಡಸರು ಬಾಗಿಲಲ್ಲಿ ಒಬ್ಬರ ಮುಖ ಒಬ್ಬರು ನೋಡಿದರು. ಮಟಿಲ್ಡಾ ಸ್ಟಿಕ್ಕನ್ನು ಮಡಿಲಲ್ಲಿ ಅಡ್ಡ ಇಟ್ಟು, ಹಳದಿ ಪಟ್ಟಿಯ ಒಂದು ತುದಿಯನ್ನು ಗಂಡನ ತಣ್ಣನೆಯ ಬೆರಳುಗಳ ನಡುವೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಳೆದು ಬಿಗಿ ಮಾಡಿಕೊಂಡು, ಹೆರೆದ ಜಾಗದ ಮೇಲೆ ನಿಧಾನವಾಗಿ ಸುತ್ತತೊಡಗಿದಳು.